ಎಂಜಿನ್ ವೇಗ ಏರಿಸಿದರೆ ಬಿಸಿಯಾಗುತ್ತಿದೆ, ಹೆಡ್ ಬಿಚ್ಚಿಸಬೇಕಾ? (ಹಾಯಿದೋಣಿ, ಲಂಕಾವಿ)

ಕಡಲಹಕ್ಕಿ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮವರು ಇಬ್ಬರೂ 36 ಅಡಿಯ ಫೈಬರ್ ಹಾಯಿದೋಣಿಯಲ್ಲೇ ವಾಸ. ಈಗ ಮಲೇಷ್ಯಾದ ಲಂಕಾವಿಯಲ್ಲಿ, ಕುವಾ ಊರಿನೆದುರು ಲಂಗರು ಹಾಕಿದ್ದೇವೆ. ಇಲ್ಲಿಂದ ಪೆನಾಂಗ್, ಪಂಗ್ಕೋರ್ ಮೇಲೆ ಮಲಕ್ಕಾ ಜಲಸಂಧಿಯಲ್ಲಿ ದಕ್ಷಿಣಕ್ಕೆ ಹೋಗಬೇಕು. ಆ ದಾರಿಯಲ್ಲಿ ಗಾಳಿಯನ್ನು ನಂಬುವ ಹಾಗಿಲ್ಲ, ಹಡಗುಗಳ ಓಡಾಟ ಜಾಸ್ತಿ. ಎಂಜಿನ್ ಸರಿಯಾಗದೆ ಹೊರಡುವ ಧೈರ್ಯ ನಮಗಿಲ್ಲ.

30 ಎಚ್‌ಪಿ, ಮೂರು ಸಿಲಿಂಡರಿನ ಡೀಸೆಲ್. ಒಳಗೆ ಕೂಲಂಟ್ (ಎಂಜಿನ್ ತಂಪಿಡುವ ದ್ರವ), ಹೊರಗಿನಿಂದ ಸಮುದ್ರದ ನೀರು, ನಡುವೆ ಕೂಲಂಟಿನ ಬಿಸಿಯನ್ನು ಆ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್. ನ್ಯೂಟ್ರಲ್‌ನಲ್ಲಿ ಸುಮ್ನೆ ಓಡಿಸಿದರೆ 80 ಡಿಗ್ರಿಯಲ್ಲಿ ನಿಲ್ಲುತ್ತದೆ. ಗೇರ್ ಹಾಕಿ 2,000 ಆರ್‌ಪಿಎಂ ದಾಟಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮುಳ್ಳು 95ಕ್ಕೆ ಹೋಗಿ ಅಲಾರಂ ಕೂಗುತ್ತದೆ. ಹಿಂದಿನ ಪೈಪಿನಿಂದ ಬರುವ ನೀರು ಕಡಿಮೆ, ಬಿಳಿ ಹಬೆ ಜಾಸ್ತಿ.

ಕೂಲಂಟ್ ತುಂಬಿದೆ, ಬೆಲ್ಟ್ ಬಿಗಿಯಾಗಿದೆ, ಸಮುದ್ರದ ನೀರಿನ ಕಸ ತಡೆಯುವ ಸ್ಟ್ರೈನರ್ ತೊಳೆದಾಯಿತು. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ) ಬಿಚ್ಚಿದಾಗ ಎರಡು ರೆಕ್ಕೆ ಮುರಿದುಹೋಗಿದ್ದವು, ಹೊಸದು ಹಾಕಿದೆವು. ಆದರೂ ಅದೇ ಕಥೆ. ಇಲ್ಲಿನ ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಹೆಡ್ ಸೋರದಂತೆ ಅದರಡಿ ಕೂರಿಸುವ ಹಾಳೆ) ಹೋಗಿದೆ, ಬಿಚ್ಚಲೇಬೇಕು ಅನ್ನುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ನಿಮ್ಮನ್ನು ಕೇಳೋಣ ಅಂತ.

ನೀಲಿನೀರು

ಅಕ್ಕಾ, ಮೊದಲು ಎರಡು ವಿಷಯ ಹೇಳಿ. ಎಂಜಿನ್ ಪೂರ್ತಿ ಆರ್‌ಪಿಎಂ ತಲುಪುತ್ತಾ? ಹೊಗೆ ಬಿಳಿಯಾ, ಕಪ್ಪಾ? ಉಷ್ಣವಲಯದ ನೀರಲ್ಲಿ ಒಂದೇ ಕಡೆ ನಿಂತರೆ ಪ್ರೊಪೆಲ್ಲರ್ ಮೇಲೆ ಬಾರ್ನಕಲ್ ಚಿಪ್ಪು ದಪ್ಪಕ್ಕೆ ಕೂರುತ್ತದೆ. ಆಗ ಎಂಜಿನ್ ಒದ್ದಾಡುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಬಿಸಿಯೂ ಆಗುತ್ತದೆ. ಕೂಲಿಂಗ್‌ನಲ್ಲಿ ದೋಷವೇ ಇರುವುದಿಲ್ಲ.

ಕಡಲಹಕ್ಕಿ

ನಮ್ಮವರು ಕೀ ತೆಗೆದಿಟ್ಟು, ಮಾಸ್ಕ್ ಹಾಕಿ ಕೆಳಗೆ ಇಳಿದು ನೋಡಿದರು. ನೀರು ಕಲಕಿತ್ತು, ಕೈಯಲ್ಲಿ ಸವರಿಯೇ ನೋಡಬೇಕಾಯಿತು. ಪ್ರೊಪೆಲ್ಲರ್ ಮೇಲೆ ಸಾಕಷ್ಟು ಚಿಪ್ಪಿತ್ತು, ಕೆರೆದು ತೆಗೆದರು. ಈಗ ಆರ್‌ಪಿಎಂ ಮೊದಲಿಗಿಂತ ಮೇಲೆ ಹೋಗುತ್ತದೆ. ಬಿಸಿ ಮಾತ್ರ ಹಾಗೇ ಇದೆ. ಹೊಗೆ ಕಪ್ಪಲ್ಲ, ಹಬೆಯೇ.

ಕಾರವಾರ ಡೀಸೆಲ್

ತಾಯಿ, ಹೆಡ್‌ಗೆ ಈಗಲೇ ಕೈ ಹಾಕಿಸಬೇಡಿ. ಗ್ಯಾಸ್ಕೆಟ್ ಹೋಗಿದ್ದರೆ ಕೂಲಂಟ್ ಕಡಿಮೆಯಾಗುತ್ತಾ ಬರಬೇಕು, ಎಂಜಿನ್ ಓಡುವಾಗ ಕೂಲಂಟ್‌ನಲ್ಲಿ ಗುಳ್ಳೆ ಏಳಬೇಕು, ಇಲ್ಲವೇ ಎಣ್ಣೆ ಹಾಲು ಬೆರೆತ ಹಾಗೆ ಬೆಳ್ಳಗಾಗಬೇಕು. ಗುಳ್ಳೆ ನೋಡಬೇಕಾದರೆ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಇವ್ಯಾವುದೂ ಇಲ್ಲ ಅಂದರೆ ಸಮುದ್ರದ ನೀರಿನ ದಾರಿಯಲ್ಲೇ ಅಡ್ಡಿಯಿದೆ. ನೀರು ಕಡಿಮೆ, ಹಬೆ ಜಾಸ್ತಿ ಅಂತ ನೀವೇ ಬರೆದಿದ್ದೀರಲ್ಲ.

ನೀರು ಬರುವ ದಾರಿಯನ್ನೇ ಹಿಡಿದು ಹೋಗಿ. ಪಂಪಿಗೆ ಬರುವ ಹೋಸ್ ಬಿಚ್ಚಿ, ನೀರಿನ ಮಟ್ಟಕ್ಕಿಂತ ಕೆಳಗೆ ಹಿಡಿದು, ಸೀಕಾಕ್ (ದೋಣಿ ತಳದಲ್ಲಿ ಸಮುದ್ರದ ನೀರು ಒಳಬಿಡುವ ಕವಾಟ) ತೆರೆಯಿರಿ. ಪಕ್ಕದಲ್ಲಿ ಮರದ ಬಿರಡೆ ಇಟ್ಟುಕೊಂಡಿರಿ. ನೀರು ನುಗ್ಗಿ ಬರಬೇಕು. ಸೊರಗಿ ಬಂದರೆ ತಳದ ರಂಧ್ರದೊಳಗೇ ಚಿಪ್ಪು ಬೆಳೆದಿದೆ ಅಂತ ಅರ್ಥ. ಹೊರಗಿನ ಜಾಲರಿ ಚೊಕ್ಕ ಕಂಡರೂ ಒಳಗೆ ಬೆಳೆದಿರುತ್ತದೆ.

ಅಲ್ಲಿ ಸರಿಯಿದ್ದರೆ, ಮುಖ್ಯ ಪ್ರಶ್ನೆ: ಮುರಿದ ಆ ಎರಡು ರೆಕ್ಕೆ ಎಲ್ಲಿ ಹೋದವು? ಪಂಪಿನೊಳಗೆ ಸಿಗದಿದ್ದರೆ ನೀರು ಅವನ್ನು ತಳ್ಳಿಕೊಂಡು ಮುಂದಕ್ಕೆ ಹೋಗಿದೆ. ಸಾಮಾನ್ಯವಾಗಿ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ, ಇಲ್ಲವೇ ಅದಕ್ಕೂ ಮುಂಚಿನ ಪೈಪ್ ತಿರುವಿನಲ್ಲಿ ಕೂತಿರುತ್ತವೆ. ಹೊಸ ಇಂಪೆಲ್ಲರ್ ಎಷ್ಟು ಚೆನ್ನಾಗಿ ತಳ್ಳಿದರೂ ಆ ರಬ್ಬರ್ ತುಂಡು ನೀರು ಬಿಡುವುದಿಲ್ಲ. ಎರಡೂ ಕೈಗೆ ಸಿಗುವ ತನಕ ಹುಡುಕಿ. ತುಂಡುಗಳನ್ನು ಹಳೆಯ ಇಂಪೆಲ್ಲರ್‌ಗೆ ಜೋಡಿಸಿ, ಪೂರ್ತಿ ಸಿಕ್ಕಿದೆಯಾ ನೋಡಿ.

ಎಕ್ಸ್‌ಚೇಂಜರಿನ ಎರಡೂ ತುದಿಯ ಮುಚ್ಚಳ ತೆಗೆದರೆ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ನಿಮ್ಮದರಲ್ಲಿ ಜಿಂಕ್ ಕಡ್ಡಿ (ಉಳಿದ ಲೋಹ ಸವೆಯದ ಹಾಗೆ ತಾನೇ ಸವೆಯುವುದು) ಇದ್ದರೆ ಅದು ಸವೆದು ಉದುರಿದ ಚೂರುಗಳೂ ಅಲ್ಲೇ ಇರುತ್ತವೆ. ಮೆತ್ತಗಿನ ಮರದ ಕಡ್ಡಿಯಿಂದ ಒಂದೊಂದನ್ನೇ ಚುಚ್ಚಿ ತೆಗೆಯಿರಿ, ಉಕ್ಕಿನ ಕಂಬಿ ಬೇಡ. ಸುಣ್ಣದಂತೆ ಗಟ್ಟಿಯಾಗಿದ್ದರೆ ಬಿಳಿ ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ.

ಇನ್ನೊಂದು, ಇದನ್ನು ಮರೆಯಲೇಬೇಡಿ. ಎಂಜಿನ್ ಹತ್ತದೆ ಸ್ಟಾರ್ಟರ್ ತಿರುಗಿಸುತ್ತಲೇ ಇರಬೇಕಾಗಿ ಬಂದರೆ ಸೀಕಾಕ್ ಮುಚ್ಚಿ, ಹತ್ತಿದ ಕೂಡಲೇ ತೆರೆಯಿರಿ. ಪಂಪ್ ನೀರು ತಳ್ಳುತ್ತಿರುತ್ತದೆ, ಅದನ್ನು ಹೊರಗೆ ದೂಡುವ ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೇ ಹಿಂದಿರುಗುತ್ತದೆ. ಒಳ್ಳೊಳ್ಳೆಯ ಎಂಜಿನ್‌ಗಳು ಹೀಗೆ ಹಾಳಾಗಿವೆ.

ಕಡಲಹಕ್ಕಿ

ಸರ್, ಎಣ್ಣೆ ಚೆನ್ನಾಗಿದೆ, ಗುಳ್ಳೆಯೂ ಇಲ್ಲ. ಸೀಕಾಕ್‌ನಿಂದ ನೀರು ಭರ್ಜರಿಯಾಗಿ ಬಂತು. ಪಂಪಿನಿಂದ ಎಕ್ಸ್‌ಚೇಂಜರಿಗೆ ಹೋಗುವ ಹೋಸ್ ಬಿಚ್ಚಿದರೆ, ಬಾಯಲ್ಲೇ ಒಂದು ರೆಕ್ಕೆ ಅಡ್ಡ ಕೂತಿತ್ತು. ಇನ್ನೊಂದು ರೆಕ್ಕೆ, ಎಕ್ಸ್‌ಚೇಂಜರಿನ ಮುಚ್ಚಳದ ಹಿಂದೆ ಮೂರು ನಾಲ್ಕು ಕೊಳವೆ ಮುಚ್ಚಿಕೊಂಡು ಅಂಟಿತ್ತು. ಜೋಡಿಸಿ ನೋಡಿದೆವು, ಪೂರ್ತಿ ಸಿಕ್ಕಿದೆ. ಕೊಳವೆಗಳನ್ನೂ ಚೊಕ್ಕ ಮಾಡಿದೆವು. ನೀರು ಎಷ್ಟೋ ಜಾಸ್ತಿಯಾಗಿದೆ. 2,000ದಲ್ಲಿ 82ರಲ್ಲೇ ನಿಲ್ಲುತ್ತದೆ. ಆದರೆ 2,500ಕ್ಕೆ ಏರಿಸಿದರೆ ನಿಧಾನವಾಗಿ 90 ದಾಟುತ್ತದೆ. ಸಮುದ್ರವೇ ಇಲ್ಲಿ 30 ಡಿಗ್ರಿ ಹತ್ತಿರ ಇದೆ, ಇಷ್ಟು ಸಹಜವಾ?

ಕಾರವಾರ ಡೀಸೆಲ್

ಸಹಜ ಅಲ್ಲ. ಬೆಚ್ಚಗಿನ ನೀರಿದ್ದರೆ ಸಣ್ಣ ದೋಷವೂ ಬೇಗ ಮುಳ್ಳಿನಲ್ಲಿ ಕಾಣುತ್ತದೆ, ಅಷ್ಟೇ. ಸರಿಯಾಗಿರುವ ಎಂಜಿನ್ 30 ಡಿಗ್ರಿ ನೀರಿನಲ್ಲೂ ಥರ್ಮೋಸ್ಟ್ಯಾಟ್ (ಕೂಲಂಟಿನ ಬಿಸಿಯನ್ನು ಒಂದು ಮಟ್ಟದಲ್ಲಿಡುವ ಕವಾಟ) ಹೇಳಿದ ಕಡೆಯೇ ನಿಲ್ಲಬೇಕು.

ಉಳಿದಿರುವುದು ಮಿಕ್ಸಿಂಗ್ ಎಲ್ಬೋ. ಎಂಜಿನ್ನಿನ ಹೊಗೆಗೆ ಸಮುದ್ರದ ನೀರು ಸೇರುವ ಜಾಗ ಅದು. ಉಪ್ಪು, ಮಸಿ, ತುಕ್ಕು ಮೂರೂ ಅಲ್ಲೇ ಕೂಡಿ ಕಲ್ಲಿನಂತಾಗುತ್ತವೆ. ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಬೋಲ್ಟ್ ತುಕ್ಕು ಹಿಡಿದಿದ್ದರೆ ಬಲವಂತ ಮಾಡಬೇಡಿ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ.

ಕಡಲಹಕ್ಕಿ

ಸರ್, ನೀವು ಹೇಳಿದ್ದೇ ಸರಿ! ಎಲ್ಬೋ ಒಳಗೆ ಹೊಗೆಯ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ನೀರು ಸೇರುವ ತೂತಿನಲ್ಲಿ ಬೆರಳ ತುದಿಯೂ ಹೋಗುತ್ತಿರಲಿಲ್ಲ. ಉಳಿ, ಸುತ್ತಿಗೆ ಹಿಡಿದು ನಮ್ಮವರು ಒಂದು ಮಧ್ಯಾಹ್ನ ಪೂರ್ತಿ ಕೂತು ಕೆತ್ತಿದರು. ಕರೀ ಚಕ್ಕೆ ಒಂದು ಡಬ್ಬಿ ತುಂಬಾ ಬಂತು. ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ಕೂರಿಸಿದೆವು. ಇವತ್ತು ದ್ವೀಪದ ದಕ್ಷಿಣಕ್ಕೆ ಓಡಿಸಿಕೊಂಡು ಬಂದೆವು. 2,500ರಲ್ಲಿ 82, ಮುಳ್ಳು ಅಲುಗಲಿಲ್ಲ. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್.

ಇದು ಮತ್ತೆ ಇಷ್ಟು ಬೇಗ ಕಟ್ಟದ ಹಾಗೆ ಏನು ಮಾಡಬೇಕು ಸರ್? ಮೋಡ ಕವಿದ ದಿನ ಬ್ಯಾಟರಿ ಚಾರ್ಜಿಗೆ ಎಂಜಿನ್ನನ್ನೇ ಹಚ್ಚುತ್ತೇವೆ.

ಕಾರವಾರ ಡೀಸೆಲ್

ಬಹಳ ಖುಷಿಯಾಯಿತು. ಮಸಿ ಕಟ್ಟಲು ಅದೇ ಕಾರಣ ನೋಡಿ. ಲಂಗರಿನ ಮೇಲೆ ಭಾರವೇ ಇಲ್ಲದೆ ಗಂಟೆಗಟ್ಟಲೆ ನಿಧಾನಕ್ಕೆ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಚಾರ್ಜ್ ಮಾಡುವಾಗ, ಲಂಗರು ಭದ್ರವಾಗಿದ್ದರೆ, ರಿವರ್ಸ್ ಗೇರ್ ಹಾಕಿ ಸ್ವಲ್ಪ ಭಾರ ಕೊಡಿ. ಆಗಾಗ ಹೊರಗೆ ಹೋದಾಗ ಒಂದಿಷ್ಟು ಹೊತ್ತು ವೇಗವಾಗಿ ಓಡಿಸಿ. ಆಗುವುದಾದರೆ ಸೋಲಾರ್ ಪ್ಯಾನೆಲ್ ಹೆಚ್ಚಿಸಿ. ನೀವಿರುವುದು 6 ಡಿಗ್ರಿ ಅಕ್ಷಾಂಶದಲ್ಲಿ, ಪ್ಯಾನೆಲ್ ಮಟ್ಟಸವಾಗಿ ಹಾಕಿದರೂ ಚೆನ್ನಾಗಿ ಬರುತ್ತದೆ.

ಹೊಸ ಎಲ್ಬೋ ಒಂದಕ್ಕೆ ಈಗಲೇ ಹೇಳಿಡಿ. ಕೆತ್ತಿದ ಹಳೆಯದರ ಗೋಡೆ ತೆಳುವಾಗಿರುತ್ತದೆ, ಸೋರಿದರೆ ಹೊಗೆ ಕ್ಯಾಬಿನ್ನಿಗೇ ಬರುತ್ತದೆ. ಇಂಪೆಲ್ಲರ್ ಎರಡು, ಪಂಪ್ ಮುಚ್ಚಳದ ಗ್ಯಾಸ್ಕೆಟ್ ಎರಡು ಸ್ಟಾಕ್ ಇರಲಿ. ಇಂಪೆಲ್ಲರ್ ಕೂರಿಸುವಾಗ ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ. ಗ್ಲಿಸರಿನ್ ಹಚ್ಚಿ.