ಡಿಫರ್ಡ್ ರೆಂಡರಿಂಗ್‌ನಲ್ಲಿ ಎರಡು ಸಾವಿರ ಲೈಟ್, ರಥಬೀದಿ ಸೀನ್ ತುಂಬಾ ಸ್ಲೋ. ಎಂತ ಮಾಡ್ಬಹುದು?

ರಥಬೀದಿ_ಕೋಡರ್
ಎಲ್ರಿಗೂ ನಮಸ್ಕಾರ. ಉಡುಪಿ ಲಕ್ಷದೀಪೋತ್ಸವದ ರಾತ್ರಿ ರಥಬೀದಿ ಹೇಗೆ ಕಾಣ್ತದೋ ಅದನ್ನೇ ಗೇಮ್‌ನ ಒಂದು ಲೆವೆಲ್ ಮಾಡ್ತಾ ಇದ್ದೇನೆ, ಎಂಜಿನ್ ಸ್ವಂತದ್ದು, ಗ್ರಾಫಿಕ್ಸ್‌ಗೆ ಓಪನ್‌ಜಿಎಲ್ 4.5. ಡಿಫರ್ಡ್ ಅಂದ್ರೆ ಮೊದ್ಲು ಪಿಕ್ಸೆಲ್‌ಗಳ ವಿವರ ಬರೆದಿಟ್ಟು, ಬೆಳಕಿನ ಲೆಕ್ಕ ಆಮೇಲೆ ಮಾಡುವ ರೀತಿ. ಬೀದಿ ಸುತ್ತ ಹಣತೆ ಸಾಲು, ಮಠಗಳ ಜಗಲಿಯಲ್ಲಿ ದೀಪ, ಮಧ್ವಸರೋವರದ ಮೆಟ್ಟಿಲಲ್ಲೂ ದೀಪ, ಹೀಗೆ ಸುಮಾರು ಎರಡು ಸಾವಿರ ಪಾಯಿಂಟ್ ಲೈಟ್ (ಒಂದು ಬಿಂದುವಿನಿಂದ ಎಲ್ಲಾ ಕಡೆ ಹರಡುವ ಬೆಳಕು) ಆಗಿದೆ. ಆ ವಿವರ ಇಡುವ ಜಿ-ಬಫರ್‌ನಲ್ಲಿ ಪೊಸಿಷನ್, ನಾರ್ಮಲ್ (ಮೇಲ್ಮೈ ಯಾವ ದಿಕ್ಕಿಗೆ ಉಂಟು), ಆಲ್ಬೆಡೊ (ಮೂಲ ಬಣ್ಣ), ರಫ್‌ನೆಸ್ (ಒರಟುತನ) ನಾಲ್ಕು ಟೆಕ್ಸ್ಚರ್. ಲೈಟಿಂಗ್ ಪಾಸ್‌ಗೆ ಒಂದೇ ಫುಲ್‌ಸ್ಕ್ರೀನ್ ಕ್ವಾಡ್ (ಇಡೀ ಸ್ಕ್ರೀನ್ ಮುಚ್ಚುವ ಆಯತ), ಶೇಡರ್ (ಜಿಪಿಯುನಲ್ಲಿ ಓಡುವ ಪ್ರೋಗ್ರಾಂ) ಒಳಗೆ ಎಲ್ಲಾ ಲೈಟಿಗೂ ಲೂಪ್, ದೂರ ಇರುವ ಲೈಟ್ ಬಿಡ್ಲಿಕ್ಕೆ ಒಂದು ಇಫ್ ಉಂಟು. ಆದ್ರೂ ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್ ಟೈಮ್ ಪೂರ್ತಿ ಲೈಟಿಂಗ್ ಪಾಸೇ ತಿಂತಾ ಇದೆ. ಡಿಫರ್ಡ್ ಆದ್ರೆ ಎಷ್ಟು ಲೈಟ್ ಬೇಕಾದ್ರೂ ಹಾಕ್ಬಹುದು ಅಂತಾರಲ್ಲ, ಮತ್ತೆ ಇದೆಂತದ್ದು? ದೀಪ ಕಡಿಮೆ ಮಾಡ್ಲಿಕ್ಕೆ ಮಾತ್ರ ಮನಸ್ಸಿಲ್ಲ, ಆ ರಾತ್ರಿ ಅಲ್ಲಿ ನಿಂತವರಿಗೆ ಯಾಕೆ ಅಂತ ಗೊತ್ತಾಗ್ತದೆ.

ಮಣಿಪಾಲ_ಪಿಕ್ಸೆಲ್
ಲೆಕ್ಕ ಹಾಕಿ ನೋಡಿ. 1920×1080 ಅಂದ್ರೆ ಸುಮಾರು 20.7 ಲಕ್ಷ ಪಿಕ್ಸೆಲ್, ಅದಕ್ಕೆ 2000 ಲೈಟ್ ಗುಣಿಸಿದ್ರೆ ಒಂದೊಂದು ಫ್ರೇಮಿಗೂ 414 ಕೋಟಿ ಸಲ ದೂರ ಚೆಕ್ ಮಾಡ್ತಾ ಇದ್ದೀರಿ, 60 ಎಫ್‌ಪಿಎಸ್ ಬೇಕಿದ್ರೆ ಕೈಯಲ್ಲಿರುವುದು ಬರೀ 16.6 ಮಿಲಿಸೆಕೆಂಡ್. ಇಫ್‌ನಿಂದ ದೊಡ್ಡ ಲಾಭ ಇಲ್ಲ, ಲೂಪ್ ಹೇಗೂ ಎರಡು ಸಾವಿರ ಸಲ ತಿರುಗ್ಲೇಬೇಕು, ಮತ್ತೆ ಜಿಪಿಯು ಪಿಕ್ಸೆಲ್‌ಗಳನ್ನು 32 ಅಥವಾ 64ರ ಗುಂಪಲ್ಲಿ ಓಡಿಸ್ತದೆ, ಆ ಗುಂಪಲ್ಲಿ ಒಂದು ಪಿಕ್ಸೆಲ್‌ಗೆ ಆ ಲೈಟ್ ತಾಗಿದ್ರೂ ಉಳಿದವೆಲ್ಲ ಕಾಯ್ಬೇಕು.

ಮೊದ್ಲು ರೇಡಿಯಸ್, ಅಂದ್ರೆ ಲೈಟ್ ಎಷ್ಟು ದೂರ ತಲುಪ್ತದೆ ಅಂತ, ನೋಡಿ ಮಾರಾಯ್ರೆ. ದೂರದ ವರ್ಗಕ್ಕೆ ಸರಿಯಾಗಿ ಬೆಳಕು ಇಳಿಸಿದ್ರೆ ಅದು ಯಾವತ್ತೂ ಪೂರ್ತಿ ಸೊನ್ನೆ ಆಗುವುದಿಲ್ಲ, ಹಾಗಾಗಿ ಅಂಚು ಕಾಣ್ಬಾರ್ದು ಅಂತ ಎಲ್ರೂ ರೇಡಿಯಸ್ ದೊಡ್ಡದು ಇಡ್ತಾರೆ. ಅದ್ರ ಬದ್ಲು ದೂರವನ್ನು ರೇಡಿಯಸ್‌ನಿಂದ ಭಾಗಿಸಿ, ನಾಲ್ಕನೇ ಘಾತ ಮಾಡಿ, ಒಂದರಿಂದ ಕಳೆದು, ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ಹಿಡಿದು, ವರ್ಗ ಮಾಡಿ ಅಟೆನ್ಯುಯೇಶನ್‌ಗೆ (ದೂರ ಹೋದ ಹಾಗೆ ಬೆಳಕು ಇಳಿಯುವ ಲೆಕ್ಕ) ಗುಣಿಸಿ. ಅಂಚು ಮೆತ್ತಗೆ ಸೊನ್ನೆಗೆ ಬಂದು ಮುಗಿತದೆ, ಅನ್‌ರಿಯಲ್ 4 ಗೇಮ್ ಎಂಜಿನ್‌ನಲ್ಲೂ ಇದೇ ಸೂತ್ರ. ರೇಡಿಯಸ್ ಅರ್ಧ ಮಾಡಿದ್ರೆ ಸ್ಕ್ರೀನ್ ಮೇಲೆ ಲೈಟ್ ಹಿಡಿಯುವ ಜಾಗ ನಾಲ್ಕನೇ ಒಂದು ಪಾಲಿಗೆ ಇಳಿತದೆ. ಹಣತೆ ನಿಜವಾಗಿ ಎಷ್ಟು ಗೋಡೆ ಬೆಳಗ್ತದೆ ಅಂತ ಒಮ್ಮೆ ಮನೆ ಜಗಲಿಯಲ್ಲಿ ಹಚ್ಚಿಟ್ಟು ನೋಡಿ, ನೀವು ಇಟ್ಟದ್ದಕ್ಕಿಂತ ತುಂಬಾ ಸಣ್ಣದು ಇರ್ತದೆ.

ಆಮೇಲೆ ಟೈಲ್ಡ್ ಮಾಡಿ. ಸ್ಕ್ರೀನನ್ನು 16×16 ಚೌಕ ಮಾಡಿದ್ರೆ 120×68, ಒಟ್ಟು 8160 ಟೈಲ್. ಕಂಪ್ಯೂಟ್ ಶೇಡರ್‌ನಲ್ಲಿ (ಲೆಕ್ಕಕ್ಕೆ ಅಂತಲೇ ಇರುವ ಶೇಡರ್) ಒಂದೊಂದು ಟೈಲಿನ ಕನಿಷ್ಠ ಗರಿಷ್ಠ ಡೆಪ್ತ್ (ಕ್ಯಾಮೆರಾದಿಂದ ಇರುವ ದೂರ) ತೆಗೆದು, ಆ ಟೈಲಿಗೆ ತಾಗುವ ಲೈಟ್‌ಗಳನ್ನು ಮಾತ್ರ ಶೇರ್ಡ್ ಮೆಮೊರಿಯ (ಆ ಟೈಲಿನ ಪಿಕ್ಸೆಲ್‌ಗಳೆಲ್ಲ ಹಂಚಿಕೊಳ್ಳುವ ಜಾಗ) ಪಟ್ಟಿಗೆ ಹಾಕಿ, ಲೂಪ್ ಆ ಪಟ್ಟಿ ಮೇಲೆ ಮಾತ್ರ. 2011ರ ಬ್ಯಾಟಲ್‌ಫೀಲ್ಡ್ 3 ಗೇಮ್‌ನಲ್ಲಿ ಮಾಡಿದ್ದು ಇದೇ. ಒಂದು ವಿಷಯ ನೆನಪಿರ್ಲಿ, ಓಪನ್‌ಜಿಎಲ್‌ನ ಶೇಡರ್ ಭಾಷೆ ಜಿಎಲ್‌ಎಸ್‌ಎಲ್‌ನಲ್ಲಿ ಕನಿಷ್ಠ ತೆಗೆಯುವ ಅಟಾಮಿಕ್‌ಮಿನ್ ಪೂರ್ಣಾಂಕಕ್ಕೆ ಮಾತ್ರ, ಡೆಪ್ತ್ ಫ್ಲೋಟ್ (ದಶಾಂಶ ಸಂಖ್ಯೆ) ಅಲ್ವಾ, ಅದ್ರ ಬಿಟ್‌ಗಳನ್ನು ಹಾಗೇ ಯುಇಂಟ್ (ಚಿಹ್ನೆ ಇಲ್ಲದ ಪೂರ್ಣಾಂಕ) ಅಂತ ಓದಿ ಕೊಟ್ರೆ ಆಯ್ತು, ಧನ ಸಂಖ್ಯೆ ಆದ ಕಾರಣ ಹಿರಿದು ಕಿರಿದು ಕ್ರಮ ತಪ್ಪುವುದಿಲ್ಲ.

ಕುಡ್ಲ_ಶೇಡರ್
ರೇಡಿಯಸ್ ವಿಷಯ ಒಪ್ತೇನೆ, ಆದ್ರೆ ಈ ಸೀನಿಗೆ ಬರೀ ಟೈಲ್ಡ್ ಸಾಕಾಗ್ಲಿಕ್ಕಿಲ್ಲ. ಕ್ಯಾಮೆರಾ ಬೀದಿಯಲ್ಲಿ ನಿಂತು ಉದ್ದಕ್ಕೆ ನೋಡ್ತಾ ಉಂಟು ಅಂತ ಇಟ್ಕೊಳ್ಳಿ. ಹತ್ತಿರದಲ್ಲಿ ತೇರಿನ ಚಕ್ರದ ಅಂಚು, ಅದ್ರ ಪಕ್ಕದಲ್ಲೇ ದೂರದ ಗೋಡೆ, ಎರಡೂ ಒಂದೇ ಟೈಲಿನಲ್ಲಿ ಬಂದ್ರೆ ಕನಿಷ್ಠ ಡೆಪ್ತ್ ಚಕ್ರದ್ದು, ಗರಿಷ್ಠ ಗೋಡೆದು. ನಡುವೆ ಖಾಲಿ ಗಾಳಿಯಲ್ಲಿರುವ ಹಣತೆಗಳೆಲ್ಲ ಸುಮ್ನೆ ಪಟ್ಟಿಗೆ ಸೇರ್ತವೆ. ದೀಪದ ಸಾಲು ಕಣ್ಣಿನ ದಿಕ್ಕಲ್ಲೇ ಹೋಗುವ ಕಾರಣ ನಿಮ್ಮ ಸೀನ್‌ನಲ್ಲಿ ಇದು ಜಾಸ್ತಿ, ಕ್ಯಾಮೆರಾ ಸ್ವಲ್ಪ ತಿರುಗಿಸಿದ್ರೆ ಫ್ರೇಮ್ ಟೈಮ್ ಮೇಲೆ ಕೆಳಗೆ ಆಗ್ತದೆ.

ಇದಕ್ಕೇ ಓಲ್ಸನ್, ಬಿಲ್ಲೆಟರ್, ಅಸ್ಸಾರ್ಸನ್ 2012ರಲ್ಲಿ ಕ್ಲಸ್ಟರ್ಡ್ ಶೇಡಿಂಗ್ ಪೇಪರ್ ಬರೆದದ್ದು. ಡೆಪ್ತನ್ನೂ ತುಂಡು ಮಾಡುವುದು, 16×9×24 ಇಟ್ರೆ 3456 ಕ್ಲಸ್ಟರ್. ತುಂಡು ಸಮ ಅಳತೆಗೆ ಬೇಡ, ಲಾಗ್ ಪ್ರಕಾರ ಮಾಡಿ, ಹತ್ತಿರ ತೆಳ್ಳಗೆ, ದೂರ ದಪ್ಪ. ಇನ್ನೊಂದು ದೊಡ್ಡ ಉಪಕಾರ, ಸರೋವರದ ನೀರು, ಧೂಪದ ಹೊಗೆ ಇಂಥ ಪಾರದರ್ಶಕ ವಸ್ತು ಡಿಫರ್ಡ್‌ನಲ್ಲಿ ಬರುವುದಿಲ್ಲ, ಅದನ್ನು ಬೇರೆ ಫಾರ್ವರ್ಡ್ ಪಾಸ್‌ನಲ್ಲಿ (ವಸ್ತು ಬಿಡಿಸುವಾಗಲೇ ಬೆಳಕೂ ಲೆಕ್ಕ ಹಾಕುವ ಸುತ್ತು) ಬಿಡಿಸುವಾಗ ಇದೇ ಕ್ಲಸ್ಟರ್ ಪಟ್ಟಿ ಉಪಯೋಗಕ್ಕೆ ಬರ್ತದೆ.

ಪೊಸಿಷನ್ ಟೆಕ್ಸ್ಚರ್ ಹೇಗೂ ತೆಗೆಯಿರಿ. 16 ಬಿಟ್ ಫ್ಲೋಟ್‌ನ ನಾಲ್ಕು ಚಾನೆಲ್ ಅಂದ್ರೂ 1080ಪಿಗೆ 16 ಎಂಬಿ ದಾಟ್ತದೆ, ಡೆಪ್ತ್‌ನಿಂದಲೇ ಇನ್ವರ್ಸ್ ಪ್ರೊಜೆಕ್ಷನ್ (ಕ್ಯಾಮೆರಾ ಲೆಕ್ಕವನ್ನು ತಿರುಗಿಸುವುದು) ಹಾಕಿ ಪೊಸಿಷನ್ ಸಿಗುವಾಗ ಅದು ಯಾಕೆ?

ರಥಬೀದಿ_ಕೋಡರ್
ತುಂಬಾ ಥ್ಯಾಂಕ್ಸ್, ಕ್ಲಸ್ಟರ್ಡ್ ಶುರು ಮಾಡ್ತೇನೆ. ಇನ್ನೆರಡು ಡೌಟ್. ಎಲ್ಲಾ ದೀಪಕ್ಕೂ ನೆರಳು ಬೇಕಾ? ಮತ್ತೆ ದೀಪ ಮಿಣುಕ್ತಾ ಇರ್ಬೇಕು, ಹಾಗಾದ್ರೆ ಬೇಕ್ ಮಾಡ್ಲಿಕ್ಕೆ (ಬೆಳಕನ್ನು ಮೊದಲೇ ಲೆಕ್ಕ ಹಾಕಿ ಇಡ್ಲಿಕ್ಕೆ) ಆಗುವುದಿಲ್ಲ ಅಲ್ವಾ?

ಕಾಪು_ಬೀಚ್
ಎಲ್ಲದಕ್ಕೂ ನೆರಳು ಖಂಡಿತ ಬೇಡ. ಪಾಯಿಂಟ್ ಲೈಟ್ ಒಂದಕ್ಕೆ ಸುತ್ತಲಿನ ನೋಟ ಹಿಡಿಯುವ ಕ್ಯೂಬ್‌ಮ್ಯಾಪ್‌ನ ಆರು ಮುಖ ಬಿಡಿಸ್ಬೇಕು, ಕ್ಯಾಮೆರಾ ಹತ್ತಿರದ ನಾಲ್ಕೈದಕ್ಕೆ ಕೊಡಿ, ಉಳಿದದ್ದು ಜನರಿಗೆ ಗೊತ್ತೇ ಆಗುವುದಿಲ್ಲ.

ದೀಪ ಕಡಿಮೆ ಮಾಡ್ಬೇಡಿ, ಲೈಟ್ ಕಡಿಮೆ ಮಾಡಿ. ಹಣತೆಯ ಜ್ವಾಲೆ ಎಮಿಸಿವ್ (ತಾನೇ ಹೊಳೆಯುವ ಬಣ್ಣ) ಮತ್ತು ಬ್ಲೂಮ್‌ನಲ್ಲೇ (ಸುತ್ತ ಹರಡುವ ಪ್ರಭೆ) ಉರಿತಾ ಕಾಣ್ತದೆ, ಅದಕ್ಕೆ ಲೈಟಿನ ಖರ್ಚಿಲ್ಲ. ಗೋಡೆ ಮೇಲೆ ಬೀಳುವ ಬೆಳಕಿಗೆ ದೂರದಲ್ಲಿ ಹತ್ತು ಹಣತೆಗೆ ಸೇರಿ ಒಂದು ಲೈಟ್ ಸಾಕು, ಹತ್ತಿರ ಬಂದ ಹಾಗೆ ಗುಂಪಿನ ಲೈಟ್ ಇಳಿಸುತ್ತಾ ಬಿಡಿ ಲೈಟ್ ಏರಿಸಿ, ಒಮ್ಮೆಲೇ ಬದಲಾಯಿಸಿದ್ರೆ ಬೆಳಕು ಜಿಗಿದ ಹಾಗೆ ಕಾಣ್ತದೆ. ಮಿಣುಕಿಗೆ ಇಂಟೆನ್ಸಿಟಿ ಮಾತ್ರ ಆಡಿಸಿ, ರೇಡಿಯಸ್ ಮುಟ್ಬೇಡಿ. ಹತ್ತು ದೀಪ ಬೇರೆ ಬೇರೆ ತಾಳಕ್ಕೆ ಮಿಣುಕಿದ್ರೆ ಒಟ್ಟು ಬೆಳಕು ಹೆಚ್ಚು ಕಡಿಮೆ ಸ್ಥಿರವೇ ಇರ್ತದೆ, ಹಾಗಾಗಿ ದೂರದ ಗುಂಪುಗಳನ್ನು ಧೈರ್ಯವಾಗಿ ಲೈಟ್‌ಮ್ಯಾಪ್‌ಗೆ (ಬೆಳಕು ಬರೆದಿಟ್ಟ ಟೆಕ್ಸ್ಚರ್) ಬೇಕ್ ಮಾಡಿ, ಜ್ವಾಲೆ ಮಾತ್ರ ಆಡ್ತಾ ಇರ್ಲಿ.

ಬದಲಾವಣೆ ಒಂದೊಂದೇ ಮಾಡಿ, ಲೈಟಿಂಗ್ ಪಾಸ್‌ನ ಆಚೆ ಈಚೆ ಟೈಮ್‌ಸ್ಟ್ಯಾಂಪ್ ಕ್ವೆರಿ (ಜಿಪಿಯು ಹತ್ತಿರ ಸಮಯ ಕೇಳುವುದು) ಹಾಕಿ ಅಳೆಯಿರಿ. ಕ್ಲಸ್ಟರಿಗೆ ಎಷ್ಟು ಲೈಟ್ ಬಿತ್ತು ಅಂತ ನೀಲಿಯಿಂದ ಕೆಂಪಿಗೆ ಬಣ್ಣ ಹಾಕಿ ತೋರಿಸುವ ಡಿಬಗ್ ವ್ಯೂ ಒಂದು ಮೊದಲೇ ಬರೆದಿಡಿ, ಎಲ್ಲಿ ರೇಡಿಯಸ್ ಜಾಸ್ತಿ ಉಂಟು ಅಂತ ಅದ್ರಲ್ಲೇ ಕಾಣ್ತದೆ.