ಮನೆ ಮೇಲೆ ರೂಮ್, ಕೆಳಗೆ ಅಂಗಡಿ: ಪ್ಲಾನ್ ಬೇಕಾ?

ರಾಜಾಜಿನಗರ, 30×40 ಸೈಟ್, ಅಪ್ಪ ಕಟ್ಟಿಸಿದ ಮನೆ. ತಾರಸಿ ಮೇಲೆ ಒಂದು ರೂಮ್, ಕಾರ್ ನಿಲ್ಲಿಸೋ ಜಾಗದಲ್ಲಿ ಅಂಗಡಿ ಮಾಡೋಣ ಅಂತಿದೀನಿ. ಮೇಸ್ತ್ರಿ, "ಪ್ಲಾನ್ ಗೀನ್ ಯಾಕೆ ಸಾರ್, ಮೋಲ್ಡ್ ಹಾಕ್ಬಿಡೋಣ" ಅಂತಾನೆ.

ಉತ್ತರ 1: ಮನೆ ಬೀಳಿಸೋ ನೋಟಿಸ್ ಬರೋದು ಮೇಸ್ತ್ರಿಗಲ್ಲ, ನಿಮಗೆ! ಸುಣ್ಣಬಣ್ಣ, ಗಾರೆ, ನೆಲದ ಟೈಲ್ಸ್‌ಗೆ ಯಾರನ್ನೂ ಕೇಳಬೇಕಿಲ್ಲ. ಹೊಸ ರೂಮ್‌ಗೆ ಪಾಲಿಕೆ ಪರವಾನಗಿ ಬೇಕೇ ಬೇಕು. ಹಳೇ ಪಾಯ, ಪಿಲ್ಲರ್ ಭಾರ ತಡೆಯುತ್ತಾ ಅಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಉತ್ತರ 2: ಪಾರ್ಕಿಂಗ್ ಜಾಗದಲ್ಲಿ ಅಂಗಡಿ ಅಂದ್ರೆ ಬಳಕೆಯೇ ಬದಲಾಯ್ತು. ಗೋಡೆ ಕಟ್ಟದೆ ಬರೀ ಷಟರ್ ಇಟ್ಟರೂ ಅನುಮತಿ ಬೇಕು. ಆನ್‌ಲೈನ್‌ನಲ್ಲಿ ಬೇಗ ಪ್ಲಾನ್ ಮಂಜೂರು ಮಾಡೋ ಪಾಲಿಕೆಯ 'ನಂಬಿಕೆ ನಕ್ಷೆ' ಯೋಜನೆ ವಾಸದ ಮನೆಗಳಿಗೆ ಮಾತ್ರ, ಅಂಗಡಿಗೆ ಸಿಗಲ್ಲ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಅಂಗಡಿ ಬಿಟ್ಟೆ. ಅಪ್ಪನ ಕಾಲದ ಮಂಜೂರಾದ ನಕ್ಷೆ ಹುಡುಕ್ತೀನಿ.