ರ‍್ಯಾಪ್ ಹಾಡಿನ 'ಫೀಚರಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ, ಒಂದು ಪದ ಎರಡು ದಿನದಿಂದ ತಲೆ ತಿನ್ನುತ್ತಿದೆ. ಅಮೆರಿಕದ ರ‍್ಯಾಪ್ ಗಾಯಕರಾದ ಜೇ-ಝೀ ಮತ್ತು ಕಾನ್ಯೆ ವೆಸ್ಟ್ ಸೇರಿ 2011ರಲ್ಲಿ ತಂದ 'ವಾಚ್ ದ ಥ್ರೋನ್' ಆಲ್ಬಂ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ 'ಓಟಿಸ್' ಅಂತ ಒಂದು ಹಾಡಿದೆ. ಹೆಸರಿನ ಪಕ್ಕದಲ್ಲೇ 'ಫೀಚರಿಂಗ್ ಓಟಿಸ್ ರೆಡ್ಡಿಂಗ್' ಎಂದು ಹಾಕಿದ್ದಾರೆ, ಅಂದರೆ ಇವರ ಹಾಡಿನಲ್ಲಿ ಅಮೆರಿಕದ ಹಳೆಯ ಗಾಯಕ ರೆಡ್ಡಿಂಗ್ ಅವರ ದನಿಯೂ ಇದೆ ಅಂತ. ಈ ಫೀಚರಿಂಗ್‌ಗೆ ಏನು ಬರೆಯಲಿ? ನಮ್ಮ ರ‍್ಯಾಪ್ ಹುಡುಗರು ಯೂಟ್ಯೂಬಿನಲ್ಲಿ 'ಎಫ್‌ಟಿ' ಎಂದು ಎರಡಕ್ಷರ ಹಾಕಿ ಸುಮ್ಮನಾಗುತ್ತಾರೆ. ನಮ್ಮಪ್ಪ ಅದನ್ನು ಸೈಟಿನ ಅಳತೆ ಅಂದುಕೊಂಡಿದ್ದರು!

ಮೊದಲು ಹೊಳೆದದ್ದು 'ಸಹಯೋಗ'. ಬರೆದ ಕೂಡಲೇ ಆಮಂತ್ರಣ ಪತ್ರಿಕೆ ಕಣ್ಣ ಮುಂದೆ ಬಂತು, ಯಾವುದೋ ಬ್ಯಾಂಕು ಶಾಮಿಯಾನಕ್ಕೆ ದುಡ್ಡು ಕೊಟ್ಟ ಹಾಗೆ. 'ಯುಗಳಗೀತೆ' ಅಂದರೆ ನಾಯಕ ನಾಯಕಿ ಮರ ಸುತ್ತಬೇಕಾಗುತ್ತದೆ. 'ಜುಗಲ್‌ಬಂದಿ' ಜೇ-ಝೀ, ಕಾನ್ಯೆ ಇಬ್ಬರ ಮಟ್ಟಿಗೆ ಪರವಾಗಿಲ್ಲ. 2001ರಲ್ಲಿ ಜೇ-ಝೀಯ 'ದ ಬ್ಲೂಪ್ರಿಂಟ್' ಆಲ್ಬಂಗೆ ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಮಾಡಿಕೊಟ್ಟ ಹುಡುಗ ಕಾನ್ಯೆ, ಹತ್ತು ವರ್ಷದಲ್ಲಿ ಸರಿಸಮನಾಗಿ ಪಕ್ಕದಲ್ಲಿ ನಿಂತಿದ್ದಾನೆ. 'ಓಟಿಸ್'ನಲ್ಲಿ ಪಲ್ಲವಿಯ ಗೊಡವೆಯೇ ಇಲ್ಲ, ಒಬ್ಬ ಬಿಟ್ಟ ಕಡೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಹಾಡಿನುದ್ದಕ್ಕೂ ಇದೇ ಕೊಡು-ಕೊಳ್ಳು. ನಮ್ಮ ಗೀಗೀ ಮೇಳದ ಹರದೇಶಿ-ನಾಗೇಶಿ ನೆನಪಾಯಿತು, ಆದರೆ ಅಲ್ಲಿ ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಬೇಕು. ಇಲ್ಲಿ ಜಗಳವೇ ಇಲ್ಲ, ಇಬ್ಬರೂ ಸೇರಿ ತಮ್ಮ ಬಡಾಯಿ ಕೊಚ್ಚಿಕೊಳ್ಳುತ್ತಾರೆ ಅಷ್ಟೆ. ರ‍್ಯಾಪ್ ಬ್ಯಾಟಲ್‌ಗೆ ಬೇಕಾದರೆ 'ಹರದೇಶಿ-ನಾಗೇಶಿ' ಪದ ಇಟ್ಟುಕೊಳ್ಳಬಹುದು.

ಸಿಕ್ಕು ಇರುವುದು ಮೂರನೆಯವರಲ್ಲಿ. ರೆಡ್ಡಿಂಗ್ ತೀರಿಕೊಂಡದ್ದು 1967ರ ಡಿಸೆಂಬರಿನಲ್ಲಿ, ವಿಮಾನ ಅಪಘಾತದಲ್ಲಿ, 26ನೇ ವಯಸ್ಸಿಗೆ. ಅವರು 1966ರಲ್ಲಿ ಹಾಡಿದ್ದ 'ಟ್ರೈ ಎ ಲಿಟಲ್ ಟೆಂಡರ್‌ನೆಸ್' ಧ್ವನಿಮುದ್ರಣದಿಂದ ತುಣುಕು ಕತ್ತರಿಸಿ, ಸುತ್ತಿ ಸುತ್ತಿ ಬರುವ ಹಾಗೆ ಕೂರಿಸಿದ್ದಾರೆ. ಯಕ್ಷಗಾನದವರ ಹಾಗೆ 'ಅತಿಥಿ ಕಲಾವಿದರು' ಅನ್ನೋಣವೇ? ಸತ್ತು ಸುಮಾರು 44 ವರ್ಷವಾದವರು ಅತಿಥಿಯಾಗಿ ಬರುವುದು ನಮ್ಮಲ್ಲಿ ಪಿತೃಪಕ್ಷದಲ್ಲಿ ಮಾತ್ರ, ಅಲ್ವಾ? ಹೀಗೆ ಕತ್ತರಿಸಿ ಕೂರಿಸಿದ ತುಣುಕಿಗೆ ರ‍್ಯಾಪಿನವರು ಸ್ಯಾಂಪಲ್ ಅನ್ನುತ್ತಾರೆ. ಅದನ್ನು 'ಮಾದರಿ' ಅಂದರೆ ಅರ್ಥವೇ ಕೆಡುತ್ತದೆ. ನಾನಂತೂ 'ತುಣುಕು' ಅಂತಲೇ ಬಿಟ್ಟಿದ್ದೇನೆ.

ಕೊನೆಗೆ ಭಜನೆಯ ಕಡೆಯಿಂದ 'ದನಿಗೂಡಿಸು' ಸಿಕ್ಕಿತು. ಪತ್ರಿಕೆಯವರು ಇದನ್ನು ಬೇಡಿಕೆಗೆ ಬೆಂಬಲ ಕೊಡುವುದಕ್ಕೇ ಜಾಸ್ತಿ ಬಳಸುತ್ತಾರೆ, ಆದರೂ ಹಾಡಿನ ವಾಸನೆ ಇನ್ನೂ ಹೋಗಿಲ್ಲ. 'ದನಿಗೂಡಿಸಿದವರು: ಇಂಥವರು' ಎಂದು ಹಾಕಿದರೆ ಬದುಕಿರುವ ಗಾಯಕರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಈ ಹಾಡಿಗೆ ಮಾತ್ರ ತಿರುಗುಮುರುಗು! ರೆಡ್ಡಿಂಗ್ ಇವರಿಗೆ ದನಿಗೂಡಿಸಲಿಲ್ಲ, ಇವರೇ ಹೋಗಿ ಅವರ ಹಳೆಯ ದನಿಗೆ ತಮ್ಮ ದನಿ ಕೂಡಿಸಿದರು. 'ರೆಡ್ಡಿಂಗ್ ದನಿಗೆ ಜೇ-ಝೀ, ಕಾನ್ಯೆ' ಎಂದು ಬರೆದರೆ ಅರ್ಥ ಸರಿ, ಆದರೆ ಹಾಡು ರೆಡ್ಡಿಂಗ್ ಅವರದ್ದೇ ಆಗಿಬಿಡುತ್ತದೆ.

ನಿಮ್ಮ ಕಡೆ ಭಜನೆಯಲ್ಲೋ, ಕೋಲಾಟದಲ್ಲೋ, ಬಯಲಾಟದಲ್ಲೋ ನಡುವೆ ಒಂದು ನುಡಿಗೆ ಮಾತ್ರ ಬಂದು ಹಾಡಿ ಹೋಗುವವರಿಗೆ ಏನಾದರೂ ಹೆಸರಿದೆಯಾ? ಹೊಸದಾಗಿ ಕಟ್ಟಿದ ಪದ ಬೇಡ. ಬಾಯಲ್ಲಿ ಓಡಾಡಿದ್ದು ಇದ್ದರೆ ಹೇಳಿ.